ಊರು ಖಾಲಿಯಾಗ್ತಿರೋದು ಭ್ರಮೆಯಲ್ಲ

‘ನಮ್ಮ ಕೊಪ್ಪದ ಕಡೆ ಊರು ಖಾಲಿಯಾಗ್ತಿದೆ ಅನ್ಸೋದು ಬರೀ ನನ್ನ ಭ್ರಮೆಯಾ?’ ಅಂತ ಕೇಳಿದ್ದೀರಿ. ಅಲ್ಲ ಮಾರಾಯ್ರೇ, ಜನಗಣತಿಯೇ ಹೇಳುತ್ತೆ. ಕೊಪ್ಪ ಇರೋ ಚಿಕ್ಕಮಗಳೂರು ಜಿಲ್ಲೆಯಲ್ಲಿ 2001ರಲ್ಲಿ 11,40,905 ಜನ ಇದ್ರು, 2011ಕ್ಕೆ 11,37,961. ಅದೇ ಹತ್ತು ವರ್ಷದಲ್ಲಿ ಬೆಂಗಳೂರು ನಗರ ಜಿಲ್ಲೆ 65 ಲಕ್ಷದಿಂದ 96 ಲಕ್ಷಕ್ಕೆ ಏರಿತು.

ಜನನ ಪ್ರಮಾಣ ಇಳಿದದ್ದೂ ಇದರಲ್ಲಿ ಸೇರಿದೆ. ಆದರೆ ಬಡತನವೇ ಕಾರಣ ಅಂದ್ರೆ ನಾನೊಪ್ಪಲ್ಲ. ಅಡಿಕೆಗೆ ಒಳ್ಳೆ ರೇಟಿದ್ದ ವರ್ಷಗಳಲ್ಲೂ ಹುಡುಗರು ಬಸ್ಸು ಹತ್ತಿದ್ದಾರೆ. ಓದಿದ್ದಕ್ಕೆ ತಕ್ಕ ಕೆಲಸ ಅಲ್ಲಿಲ್ಲ, ಅಷ್ಟೇ.

ಊರು ಖಾಲಿಯಾದ್ರೆ ಏನಾಗುತ್ತೆ ಅಂತ ನಮ್ಮನೇಲೇ ನೋಡಿ: ಅಪ್ಪಯ್ಯ ಕೊನೆಗೌಡನಿಗೆ (ಮರ ಹತ್ತಿ ಅಡಿಕೆ ಗೊನೆ ಕೊಯ್ಯೋನಿಗೆ) ಫೋನ್ ಮಾಡಿ ಮಾಡಿ ಸಾಕಾದರು, ಅಷ್ಟರಲ್ಲಿ ಅರ್ಧ ಅಡಿಕೆ ಹಣ್ಣಾಗಿ, ಕಡಿಮೆ ರೇಟಿನ ಗೋಟಡಿಕೆ ಆಯ್ತು. ಕೊಯ್ಲಿಗೆ ಅಂತಲೇ ಬೆಂಗಳೂರಿಂದ ರಜೆ ಹಾಕಿ ಹೋದ ನನಗೆ ಮರ ಹತ್ತೋಕೇ ಬರಲ್ಲ.