ಉಗಿಯಂತ್ರದ ಕಥೆಗಳು, ಮೇಜಿನ ಮೇಲಿನ ಕಾಳಗ

ಪ್ರಶ್ನೆ: ಉಗಿಯಂತ್ರಗಳ ಕಾಲದ ವೈಜ್ಞಾನಿಕ ಕಾದಂಬರಿಗಳನ್ನು ಓದುವ ನನಗೆ ಗೊಂಬೆ ಸೈನಿಕರ ಯುದ್ಧದಾಟದಲ್ಲೂ ಆಸಕ್ತಿ ಹುಟ್ಟಿದೆ. ಎಲ್ಲಿಂದ ಆರಂಭಿಸಲಿ?
– ಓದುಗರೊಬ್ಬರು, ಕೋಲಾರ

ಉತ್ತರ: ಎಚ್. ಜಿ. ವೆಲ್ಸ್ ಅವರಿಂದಲೇ ಆರಂಭಿಸಿ. ಮಂಗಳ ಗ್ರಹದವರು ಇಂಗ್ಲೆಂಡಿನ ಮೇಲೆ ದಂಡೆತ್ತಿ ಬರುವ ಕಾದಂಬರಿಯನ್ನು 1898ರಲ್ಲಿ ಪುಸ್ತಕವಾಗಿ ತಂದ ಅವರೇ, 1913ರಲ್ಲಿ ‘ಲಿಟಲ್ ವಾರ್ಸ್’ ಬರೆದು ಆಟಿಕೆ ಸೈನಿಕರ ಕಾಳಗಕ್ಕೆ ನಿಯಮಗಳನ್ನೂ ಕೊಟ್ಟರು. ಸ್ಪ್ರಿಂಗ್ ತೋಪಿನಿಂದ ಹಾರಿದ ಮರದ ತುಂಡು ತಗುಲಿ ಉರುಳಿದ ಸೈನಿಕ ಅಲ್ಲಿ ಸತ್ತಂತೆ. ಬಳಿಕ ಜೂಲ್ಸ್ ವರ್ನ್ ಅವರ, ಉತ್ತರ ಭಾರತದಲ್ಲಿ ಉಗಿ ಆನೆಯೊಂದು ಮನೆಯಂಥ ಬಂಡಿಗಳನ್ನೆಳೆಯುವ, 1880ರ ‘ದಿ ಸ್ಟೀಮ್ ಹೌಸ್’ ಕಾದಂಬರಿಯನ್ನು ಓದಿ (ಅದರ ವಸಾಹತುಶಾಹಿ ದೃಷ್ಟಿಯನ್ನು ಮಾತ್ರ ಸಹಿಸಿಕೊಳ್ಳಬೇಕು). ಈಗ 28 ಮಿ.ಮೀ. ಅಳತೆಯ ಗೊಂಬೆಗಳು ರೂಢಿಯಲ್ಲಿದ್ದರೂ, ಮೊದಲಿಗೆ ರಟ್ಟಿನವೇ ಸಾಕು. ರಣರಂಗಕ್ಕೆ ನಿಮ್ಮ ಜಿಲ್ಲೆಯ ಕೆಜಿಎಫ್‌ನ ಗಣಿ ಗೋಪುರಗಳನ್ನೂ ಸೈನೈಡ್ ದಿಬ್ಬಗಳನ್ನೂ (ಚಿನ್ನ ತೆಗೆದ ಬಳಿಕ ಉಳಿದ ಅದಿರಿನ ಪುಡಿಯ ಗುಡ್ಡೆಗಳು) ಮಾದರಿಯಾಗಿಟ್ಟುಕೊಳ್ಳಿ. 1902ರಲ್ಲಿ ಶಿವನಸಮುದ್ರದ ವಿದ್ಯುತ್ ಅಲ್ಲಿಗೆ ತಲುಪದೇ, ಎಲ್ಲವೂ ಉಗಿಯಿಂದಲೇ ನಡೆಯಬೇಕಾಗಿದ್ದರೆ ಎಂದು ಕಲ್ಪಿಸಿದರೆ ಕಥೆಯೂ ಸಿಕ್ಕಂತೆಯೇ.