ರೊಟ್ಟಿ ಬಡಿಯೋ ಕೈ, ಐದು ತಿಂಗಳ ನೋವು

ಪ್ರಶ್ನೆ: ನಮಸ್ಕಾರ ಡಾಕ್ಟರ್. ನನಗೆ 33 ವರ್ಷ. ಗದಗ ತಾಲ್ಲೂಕಿನ ಒಂದು ಹಳ್ಳಿಯವಳು. ಎರಡು ಖಾನಾವಳಿಗೆ ಜೋಳದ ರೊಟ್ಟಿ ಬಡಿದು ಕೊಡುತ್ತೇನೆ, ದಿನಕ್ಕೆ ನೂರಿಪ್ಪತ್ತು. ನಾಗರಪಂಚಮಿ ಮುಂದೆ ಬಚ್ಚಲ ಕಲ್ಲಿನ ಮೇಲೆ ಕಾಲು ಜಾರಿ ಬಿದ್ದೆ. ಬಲಗೈ ಊರಿದೆ. ಅವತ್ತೇ ಸಂಜೆ ಎಕ್ಸ್‌ರೇ ತೆಗೆಸಿದೆವು. ‘ಎಲುಬು ಮುರಿದಿಲ್ಲ, ಉಳುಕೈತಿ, ವಾರದಾಗ ಕಮ್ಮಿ ಆಗ್ತೈತಿ’ ಅಂದರು. ಪಟ್ಟಿ ಸುತ್ತಿ ಗುಳಿಗೆ ಕೊಟ್ಟರು. ಕಮ್ಮಿ ಆಗಲಿಲ್ಲ. ತಿಂಗಳಾದ ಮೇಲೆ ಇನ್ನೊಂದು ದವಾಖಾನೆಗೆ ಹೋದೆ. ಅವರು ಅದೇ ಹಳೇ ಎಕ್ಸ್‌ರೇ ಬೆಳಕಿಗೆ ಹಿಡಿದು ನೋಡಿ ಕ್ಯಾಲ್ಸಿಯಂ ಗುಳಿಗೆ ಬರೆದರು. ಮೂರನೆಯವರು ಕೈ ಮುಟ್ಟಲೇ ಇಲ್ಲ, ‘ರೊಟ್ಟಿ ಬಡಿಯೋದು ಬಿಡ್ರಿ’ ಅಂದರು. ಎಲುಬು ಕಟ್ಟುವವರ ಹತ್ತಿರ ಮೂರು ಸಲ ಎಣ್ಣೆ ಹಾಕಿ ತಿಕ್ಕಿಸಿಕೊಂಡೆ. ಆ ರಾತ್ರಿಗಳಲ್ಲಿ ನಿದ್ದೆ ಹತ್ತಲಿಲ್ಲ. ಸಂಕ್ರಾಂತಿಗೆ ಎಳ್ಳು ಹಚ್ಚಿದ ಸಜ್ಜಿ ರೊಟ್ಟಿಗೆ ದೊಡ್ಡ ಆರ್ಡರ್ ಬಂದಿತ್ತು, ಬಿಟ್ಟುಕೊಟ್ಟೆ. ಹಿಟ್ಟು ನಾದುವಾಗ ಅಂಗೈ ಒತ್ತಿದರೆ ಹೆಬ್ಬೆರಳಿನ ಬುಡದಲ್ಲಿ ಮುಳ್ಳು ಮುರಿದಂತೆ ಆಗುತ್ತದೆ. ಹೊರಗೆ ಬಾವು ಇಲ್ಲ. ಅದಕ್ಕೇ ಅತ್ತೆಯವರು ಕೆಲಸ ತಪ್ಪಿಸಲಿಕ್ಕೆ ನೆಪ ಅನ್ನುತ್ತಾರೆ. ಈಗ ನನಗೇ ಸಂಶಯ ಬರುತ್ತಿದೆ. ಈ ನೋವು ನಿಜವಾ?
— ಹೆಸರು ಬೇಡ, ಗದಗ ಜಿಲ್ಲೆ

ಉತ್ತರ: ನಿಜ, ತಂಗಿ. ಉಳಿದದ್ದೆಲ್ಲ ಆಮೇಲೆ.

ಪತ್ರ ಓದಿ ಇದೇ ರೋಗ ಅಂತ ಹೇಳಲು ಬರುವುದಿಲ್ಲ, ಕೈ ಮುಟ್ಟಿ ನೋಡಬೇಕು. ಆದರೆ ಅಂಗೈ ಊರಿ ಬಿದ್ದಿದ್ದೀರಿ. ನೋವು ಹೆಬ್ಬೆರಳಿನ ಬುಡದಲ್ಲಿದೆ. ಬಿದ್ದ ದಿನದ ಎಕ್ಸ್‌ರೇಯಲ್ಲಿ ಏನೂ ಕಾಣಲಿಲ್ಲ. ಇಷ್ಟು ಕೇಳಿದರೆ ಎಲುಬಿನ ಡಾಕ್ಟರಿಗೆ ಮೊದಲು ನೆನಪಾಗಬೇಕಾದದ್ದು ಸ್ಕೇಫಾಯ್ಡ್ ಎಂಬ ಸಣ್ಣ ಎಲುಬು. ಮಣಿಕಟ್ಟಿನಲ್ಲಿ ಎಂಟು ಚಿಕ್ಕ ಎಲುಬುಗಳಿವೆ, ಅದರಲ್ಲಿ ಇದೂ ಒಂದು. ಹೆಚ್ಚುಕಮ್ಮಿ ಗೋಡಂಬಿಯ ಹಾಗೆ ಬಾಗಿದೆ.

ಎಡಗೈ ಹೆಬ್ಬೆರಳನ್ನು ಮೇಲಕ್ಕೆ ಎತ್ತಿ ಹಿಡಿಯಿರಿ. ಬುಡದಲ್ಲಿ ಎರಡು ನರದಂಥ ಹುರಿ ಎದ್ದು ನಿಲ್ಲುತ್ತವೆ, ನಡುವೆ ಒಂದು ಗುಳಿ ಬೀಳುತ್ತದೆ. ನಶ್ಯ ಏರಿಸುವ ಹಿರಿಯರು ಚಿಟಿಕೆ ನಶ್ಯ ಇಟ್ಟುಕೊಳ್ಳುತ್ತಿದ್ದದ್ದು ಅಲ್ಲೇ. ನಮ್ಮ ವೈದ್ಯ ಪುಸ್ತಕಗಳಲ್ಲೂ ಅದರ ಹೆಸರು ನಶ್ಯದ ಡಬ್ಬಿ ಅಂತಲೇ ಇದೆ. ಆ ಗುಳಿಯ ತಳದಲ್ಲಿ ಸ್ಕೇಫಾಯ್ಡ್ ಇದೆ. ಎಡಗೈಯಲ್ಲಿ ಒತ್ತಿದರೆ ಬರೀ ಒತ್ತಿದ ಹಾಗೆ ಅನಿಸುತ್ತದೆ. ಬಲಗೈಯಲ್ಲಿ ಮೆಲ್ಲಗೆ ಒತ್ತಿದರೂ ಜೀವ ಹೋದಂತಾದರೆ, ಮುಂದಿನ ಡಾಕ್ಟರಿಗೆ ಹೇಳಬೇಕಾದ ಮೊದಲ ಮಾತು ಅದೇ. ‘ಕೈ ನೋಯ್ತೈತ್ರಿ’ ಅನ್ನಬೇಡಿ. ಒಂದೇ ಬೆರಳು ಆ ಗುಳಿಯಲ್ಲಿಟ್ಟು ‘ಇಲ್ಲಿ’ ಅನ್ನಿ.

ಈ ಎಲುಬು ಬಿರುಕು ಬಿಟ್ಟರೆ ಮೊದಲ ದಿನದ ಎಕ್ಸ್‌ರೇಯಲ್ಲಿ ಎಷ್ಟೋ ಸಲ ಕಾಣುವುದಿಲ್ಲ. ಬಿರುಕು ಕೂದಲೆಳೆಯಷ್ಟಿರುತ್ತದೆ. ಹಾಗಾಗಿ ಮೊದಲ ಡಾಕ್ಟರಿಗೆ ಕಾಣಲಿಲ್ಲ ಅನ್ನುವುದನ್ನು ನಾನು ತಪ್ಪು ಅನ್ನಲಾರೆ. ಆದರೆ ಆ ಗುಳಿಯಲ್ಲಿ ನೋವಿದ್ದರೆ ಎಲುಬು ಮುರಿದಿದೆ ಅಂತಲೇ ತಿಳಿದು ಪ್ಲಾಸ್ಟರೋ ಸ್ಪ್ಲಿಂಟೋ ಹಾಕಬೇಕು. ಹತ್ತರಿಂದ ಹದಿನಾಲ್ಕು ದಿನ ಬಿಟ್ಟು ಮತ್ತೆ ಎಕ್ಸ್‌ರೇ ತೆಗೆಯಬೇಕು. ನಮಗೆಲ್ಲ ಕಾಲೇಜಿನಲ್ಲಿ ಕಲಿಸಿದ ಪಾಠ ಇದು. ‘ನೋವು ಹೋಗದಿದ್ದರೆ ಎರಡು ವಾರಕ್ಕೆ ಬರ್ರಿ’ ಅನ್ನುವ ಒಂದು ಮಾತು ನಿಮಗೆ ಯಾರೂ ಹೇಳಲಿಲ್ಲ. ಎರಡನೆಯವರು ತಿಂಗಳ ಹಿಂದಿನ ಫಿಲ್ಮ್ ನೋಡಿ ಇವತ್ತಿನ ಕೈಗೆ ಔಷಧ ಬರೆದರು. ನನಗೆ ಸಿಟ್ಟು ಬಂದದ್ದು ಅದಕ್ಕೆ.

ಸಿಟ್ಟು ಮಾಡುವ ಹಕ್ಕು ನನಗೆ ಪೂರ್ತಿ ಇಲ್ಲ. ಹೊಸದಾಗಿ ಕೆಲಸಕ್ಕೆ ಸೇರಿದಾಗ ಮಾರ್ಕೆಟ್‌ನ ಒಬ್ಬ ಹಮಾಲಿ ಹುಡುಗನಿಗೆ ನಾನೂ ‘ಉಳುಕು’ ಅಂದು ಕಳಿಸಿದ್ದೆ. ವರ್ಷದ ಮೇಲೆ ಬಂದ. ಚೀಲಕ್ಕೆ ಕೊಕ್ಕೆ ಹಾಕಿ ಎಳೆಯಲು ಆಗುತ್ತಿರಲಿಲ್ಲ. ಎಕ್ಸ್‌ರೇಯಲ್ಲಿ ಎಲುಬು ಎರಡು ತುಂಡಾಗಿ, ನಡುವೆ ಕಪ್ಪು ಗೆರೆ ಬಿದ್ದಿತ್ತು. ‘ನೀವ ಏನೂ ಇಲ್ಲ ಅಂದಿದ್ರೆಲ್ರಿ ಸರ’ ಅಂದ. ಅಷ್ಟೇ ಅಂದ. ಅವತ್ತಿನಿಂದ ಬಿದ್ದು ಬಂದವರ ಆ ಗುಳಿ ಒತ್ತಿ ನೋಡದೆ ನಾನು ಯಾರನ್ನೂ ಕಳಿಸಿಲ್ಲ.

ತಡವಾದರೆ ಯಾಕೆ ಕಷ್ಟ ಅಂದರೆ, ಈ ಎಲುಬಿಗೆ ರಕ್ತ ಜಾಸ್ತಿ ಬರುವುದು ಬೆರಳಿನ ಕಡೆಯಿಂದ. ಅಲ್ಲಿಂದ ಹಿಂದಕ್ಕೆ, ಮುಂಗೈ ಕಡೆಗೆ ಹರಿಯುತ್ತದೆ. ಕಾಲುವೆ ನಡುವೆ ಒಡೆದರೆ ಕೊನೆಯ ಹೊಲಕ್ಕೆ ನೀರು ಹೋಗುವುದಿಲ್ಲ ನೋಡಿ, ಹಾಗೇ ಹಿಂದಿನ ತುಂಡು ಒಣಗಬಹುದು. ಎಲುಬು ಕೂಡದೇ ಹೋಗಬಹುದು. ಹಾಗೇ ಬಿಟ್ಟರೆ ಕೆಲವು ವರ್ಷಗಳಲ್ಲಿ ಮಣಿಕಟ್ಟಿನ ಕೀಲೇ ಸವೆಯುತ್ತದೆ.

ಬೇರೆ ಕಾರಣವೂ ಇರಬಹುದು. ಹೆಬ್ಬೆರಳಿನ ಹುರಿ ಬಾತರೂ ಅದೇ ಜಾಗ ನೋಯುತ್ತದೆ. ದಿನವಿಡೀ ರೊಟ್ಟಿ ಬಡಿಯುವವರಿಗೆ, ಎಳೆಗೂಸು ಎತ್ತುವವರಿಗೆ ಇದು ಬರುತ್ತದೆ. ಎಲುಬುಗಳನ್ನು ಹಿಡಿದಿಡುವ ಕಟ್ಟು ಹರಿದಿರಲೂಬಹುದು. ನಿಮ್ಮ ನೋವು ಶುರುವಾದದ್ದು ಬಿದ್ದ ದಿನದಿಂದ. ಹಾಗಾಗಿ ಮೊದಲು ಎಲುಬು ನೋಡಿಸಿ.

ಈ ವಾರವೇ ಹೋಗಿ. ಗದಗದ ಸರ್ಕಾರಿ ಆಸ್ಪತ್ರೆ ಜಿಮ್ಸ್‌ನ ಎಲುಬು-ಕೀಲು ವಿಭಾಗಕ್ಕೆ ಹೋಗಬಹುದು, ಹುಬ್ಬಳ್ಳಿಯ ಕಿಮ್ಸ್‌ಗಾದರೂ (ಈಗ ಅದರ ಹೆಸರು ಕೆಎಂಸಿಆರ್‌ಐ) ಸರಿ. ‘ಸ್ಕೇಫಾಯ್ಡ್ ವ್ಯೂ’ ಎಕ್ಸ್‌ರೇ ಬೇಕು ಅಂತ ಬಾಯಿಬಿಟ್ಟು ಕೇಳಿ. ಕೈಯನ್ನು ಕಿರುಬೆರಳಿನ ಕಡೆಗೆ ಓರೆ ಮಾಡಿ ತೆಗೆಯುವ ಎಕ್ಸ್‌ರೇ ಅದು. ಐದು ತಿಂಗಳಾಗಿದೆ, ಮುರಿದಿದ್ದರೆ ಈಗ ಸಾಮಾನ್ಯವಾಗಿ ಕಾಣುತ್ತದೆ. ಎಲುಬು ಕೂಡಿದೆಯಾ, ರಕ್ತ ಹರಿಯುತ್ತಿದೆಯಾ ಅಂತ ನೋಡಲು ಸಿಟಿ ಅಥವಾ ಎಂಆರ್‌ಐ ಸ್ಕ್ಯಾನ್ ಬರೆಯಬಹುದು. ಹಳೇ ಫಿಲ್ಮ್, ಚೀಟಿ ಎಲ್ಲ ಒಂದು ಚೀಲದಲ್ಲಿ ಹಾಕಿಕೊಂಡು ಹೋಗಿ. ಯಾವುದಾದರೂ ದವಾಖಾನೆಯಲ್ಲೇ ಉಳಿದಿದ್ದರೆ ಬರೆದು ಕೇಳಿ. ಕೇಳಿದ 72 ಗಂಟೆಯೊಳಗೆ ದಾಖಲೆ ಕೊಡಬೇಕು ಅಂತ ವೈದ್ಯಕೀಯ ಪರಿಷತ್ತಿನ 2002ರ ನಿಯಮ ಇದೆ.

ಎಣ್ಣೆ ಹಾಕಿ ತಿಕ್ಕಿಸುವುದು ಇವತ್ತಿಗೇ ನಿಲ್ಲಿಸಿ. ಮುರಿದ ತುಂಡು ಅಲುಗಾಡಿದಷ್ಟೂ ಕೂಡುವುದು ದೂರವಾಗುತ್ತದೆ. ಕಡ್ಡಿಪುಡಿ, ತಂಬಾಕು ತಿನ್ನುವ ರೂಢಿ ಇದ್ದರೆ ಅದನ್ನೂ ಬಿಡಿ, ಎಲುಬು ಬೇಗ ಕೂಡಲು ಅದು ಬಿಡುವುದಿಲ್ಲ. ಕ್ಯಾಲ್ಸಿಯಂ ಗುಳಿಗೆ ತೊಂದರೆಯೇನಿಲ್ಲ, ಅದೊಂದರಿಂದಲೇ ವಾಸಿಯಾಗುತ್ತದೆ ಅಂತ ಕಾಯಬೇಡಿ.

ಎಲುಬು ಕೂಡಿಲ್ಲ ಅಂತ ಗೊತ್ತಾದರೆ ಬಹುತೇಕ ಆಪರೇಷನ್ ಬೇಕಾಗುತ್ತದೆ. ಸೊಂಟದ ಎಲುಬಿನಿಂದಲೋ ಮುಂಗೈ ಎಲುಬಿನಿಂದಲೋ ಚೂರು ತೆಗೆದು ಅಲ್ಲಿ ಕೂಡಿಸಿ, ಒಂದು ಸಣ್ಣ ಸ್ಕ್ರೂ ಹಾಕುತ್ತಾರೆ. ಹೆದರಬೇಡಿ. ಎಷ್ಟೋ ಜನರ ಕೈ ಇದರಿಂದ ಮತ್ತೆ ಕೆಲಸಕ್ಕೆ ಬಂದದ್ದನ್ನು ನೋಡಿದ್ದೇನೆ. ಆದರೆ ಕೆಲವು ತಿಂಗಳು ಹಿಟ್ಟು ನಾದಲು ಆಗುವುದಿಲ್ಲ. ಖಾನಾವಳಿಯವರಿಗೆ ಅದನ್ನು ಈಗಲೇ ಹೇಳಿಡಿ. ಬಿಪಿಎಲ್ ಕಾರ್ಡ್ ಇದ್ದರೆ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದಲ್ಲಿ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಇದೆ. ರೇಷನ್ ಕಾರ್ಡ್, ಆಧಾರ್ ಎರಡೂ ಒಯ್ಯಿರಿ. ಸರ್ಕಾರಿ ಆಸ್ಪತ್ರೆಯಿಂದಲೇ ಶುರು ಮಾಡಿ. ಅಲ್ಲಿ ಆಗದಿದ್ದರೆ ಬೇರೆ ಕಡೆಗೆ ಅವರೇ ಬರೆದುಕೊಡುತ್ತಾರೆ.

ಯಾರಾದರೂ ಮತ್ತೆ ‘ರೊಟ್ಟಿ ಬಡಿಯೋದು ಬಿಡ್ರಿ’ ಅಂದರೆ ಸುಮ್ನೆ ಎದ್ದು ಬರಬೇಡಿ. ‘ನೂರಿಪ್ಪತ್ತು ರೊಟ್ಟಿಯಿಂದ ನನ್ನ ಮನೆ ನಡೀತೈತ್ರಿ, ನೋವು ಯಾಕೆ ಅಂತ ಹೇಳ್ರಿ’ ಅಂತ ಕೇಳಿ. ಹಾಗೆ ಕೇಳಿದರೆ ಅದು ಉದ್ಧಟತನ ಅಲ್ಲ.

ಹೋಗುವಾಗ ಸಾಧ್ಯವಾದರೆ ಅತ್ತೆಯವರನ್ನೇ ಜೊತೆಗೆ ಕರೆದುಕೊಂಡು ಹೋಗಿ. ಅವರೂ ಜೀವನವಿಡೀ ರೊಟ್ಟಿ ಬಡಿದವರೇ ಇರಬೇಕು, ಅಲ್ವಾ? ಇವತ್ತು ರಾತ್ರಿ ಅವರ ಕೈಯ ಆ ನಶ್ಯದ ಗುಳಿಯನ್ನು ನೀವು ಒತ್ತಿ ತೋರಿಸಿ. ಆಮೇಲೆ ನಿಮ್ಮ ಬಲಗೈ ಅವರ ಕೈಗೆ ಕೊಟ್ಟು, ಮೆಲ್ಲಗೆ ಒತ್ತಲು ಹೇಳಿ.