ಮುಕ್ಕಬೇಡ ಅಂದರೆ ತಡೆಯುವುದು ಹೇಗೆ?

ಪ್ರಶ್ನೆ: ಮೊದಲ ಹೆರಿಗೆಯಲ್ಲಿ ಗರ್ಭಕಂಠ (ಗರ್ಭಕೋಶದ ಬಾಯಿ) 9 ಸೆಂಟಿಮೀಟರ್ ತೆರೆಯುವವರೆಗೆ ಎಲ್ಲ ಸರಿಯಾಗಿಯೇ ನಡೆದಿತ್ತು. ಆಮೇಲೆ ಮೂರು ಗಂಟೆ ಅಲ್ಲೇ ನಿಂತುಹೋಯಿತು. ‘ಗರ್ಭಕಂಠ ಊದಿಕೊಂಡಿದೆ, ಮುಕ್ಕಬೇಡ, ಮುಕ್ಕಬೇಡ’ ಅಂತ ಸುತ್ತಲಿದ್ದವರೆಲ್ಲ ಕೂಗುತ್ತಿದ್ದರು. ನನಗೆ ತಡೆಯಲು ಆಗಲೇ ಇಲ್ಲ. ಕೊನೆಗೆ ಸಿಸೇರಿಯನ್ ಆಯಿತು. ನಾನು ಮುಕ್ಕಿದ್ದರಿಂದಲೇ ಹೀಗಾಯಿತೆಂಬ ಕೊರಗು ಇನ್ನೂ ಇದೆ. ಈಗ ಮತ್ತೆ ಆರು ತಿಂಗಳು. ಡೂಲಾ (ಹೆರಿಗೆಯ ಉದ್ದಕ್ಕೂ ಆಸರೆಯಾಗಿ ಇರುವಾಕೆ) ಜೊತೆಗಿದ್ದರೆ ಊತ ಬರದಂತೆ ನೋಡಿಕೊಳ್ಳಬಹುದೇ?

ಉತ್ತರ: ಮೊದಲು ಆ ಕೊರಗಿನ ವಿಷಯ. 14 ವರ್ಷದಿಂದ ಡೂಲಾ ಕೆಲಸ ಮಾಡುತ್ತಿದ್ದೇನೆ. ಮುಕ್ಕುವ ಒತ್ತಡ ಬಂದಾಗ ಸುಮ್ಮನೆ ‘ಬೇಡ’ ಎಂದು ಕೂಗಿದ್ದಕ್ಕೆ ಅದನ್ನು ತಡೆದುಕೊಂಡ ಒಬ್ಬ ಹೆಂಗಸನ್ನೂ ನಾನು ಕಂಡಿಲ್ಲ. ಸೀನು ಬಂದಾಗ ಸೀನಬೇಡ ಎಂದ ಹಾಗೆ ಅದು. ಮೈ ತಾನಾಗಿಯೇ ಮುಕ್ಕುತ್ತದೆ.

ಇನ್ನು ಊತ ಹೇಗೆ ಬರುತ್ತದೆಂದು ನೋಡಿ. ಬೆರಳಿಗೆ ಬಿಗಿಯಾದ ಉಂಗುರ ಸಿಕ್ಕಿಕೊಂಡರೆ ಬೆರಳು ಊದುತ್ತದಲ್ಲ, ಅದೇ ಲೆಕ್ಕ. ಗರ್ಭಕಂಠ ಎಲ್ಲ ಕಡೆಯೂ ಒಂದೇ ಸಮನಾಗಿ ಹಿಂದೆ ಸರಿಯಬೇಕೆಂದಿಲ್ಲ. ಹಲವರಲ್ಲಿ ಮುಂಭಾಗದ ಅಂಚು ಕೊನೆಗೆ ಉಳಿಯುತ್ತದೆ. ಮಗುವಿನ ತಲೆಗೂ ಅಮ್ಮನ ಸೊಂಟದ ಮುಂದಿನ ಎಲುಬಿಗೂ ನಡುವೆ ಆ ಅಂಚು ಸಿಕ್ಕಿಕೊಂಡರೆ ರಕ್ತ ವಾಪಸು ಹರಿಯಲು ದಾರಿಯಿಲ್ಲದೆ ನೀರು ತುಂಬಿ ದಪ್ಪಗಾಗುತ್ತದೆ. ಮೇಲಿನಿಂದ ಒತ್ತಿದಷ್ಟೂ ಇನ್ನಷ್ಟು ದಪ್ಪ. ಉಂಗುರ ಎಳೆದಷ್ಟೂ ಬೆರಳು ಊದುವ ಹಾಗೆ. ಅಂದಮಾತ್ರಕ್ಕೆ ಅಂಚು ಉಳಿದವರಿಗೆಲ್ಲ ಊತ ಬರುತ್ತದೆ ಅಂತಲ್ಲ. ತೆಳುವಾದ ಅಂಚು ನಾಲ್ಕಾರು ಬೇನೆಗಳಲ್ಲಿ ತಾನೇ ಸರಿದುಹೋಗುವುದೇ ಹೆಚ್ಚು.

ಹಾಗಾದರೆ ಗರ್ಭಕಂಠ ಪೂರ್ತಿ ತೆರೆಯುವ ಮೊದಲೇ ಮುಕ್ಕಬೇಕೆನಿಸುವುದೇಕೆ? ಹಲವು ಸಲ ಕಾರಣ ಮಗು ಕೂತ ಭಂಗಿ. ಮಗು ಅಮ್ಮನ ಬೆನ್ನಿಗೆ ಬೆನ್ನು ಕೊಟ್ಟು ಬರುತ್ತಿದ್ದರೆ ಅದರ ತಲೆಯ ಹಿಂಭಾಗ ಗುದನಾಳವನ್ನು ಒತ್ತುತ್ತದೆ, ಟಾಯ್ಲೆಟ್‌ಗೆ ಹೋಗಬೇಕು ಅನ್ನಿಸುವ ಹಾಗೆ ಒತ್ತಡ ಬರುತ್ತದೆ. ತಲೆ ಒಂದು ಕಡೆಗೆ ವಾಲಿದ್ದರೂ ಒತ್ತಡ ಅಂಚಿನ ಮೇಲೆ ಒಂದೇ ಬದಿಗೆ ಬೀಳುತ್ತದೆ. ಅಂದರೆ ನಿಮ್ಮ ಮುಕ್ಕುವಿಕೆಗೂ ಊತಕ್ಕೂ ಮೂಲ ಒಂದೇ ಇದ್ದಿರಬಹುದು: ಮಗು ತಿರುಗಿದ್ದ ರೀತಿ. ನಿಮ್ಮ ಶಸ್ತ್ರಚಿಕಿತ್ಸೆಯ ಟಿಪ್ಪಣಿಯ ಪ್ರತಿ ಕೇಳಿ ಪಡೆಯಿರಿ. ಮಗುವಿನ ಮುಖ ಯಾವ ಕಡೆಗಿತ್ತೆಂದು ಅದರಲ್ಲಿ ಬರೆದಿರಬಹುದು. ಗರ್ಭಕೋಶದ ಗಾಯ ಯಾವ ಬಗೆಯದೆಂಬುದೂ ಅದರಲ್ಲಿರುತ್ತದೆ. ಈ ಸಲ ಸಹಜ ಹೆರಿಗೆಗೆ ಪ್ರಯತ್ನಿಸಬಹುದೇ ಎಂದು ವೈದ್ಯರು ನಿರ್ಧರಿಸಲು ಅದೇ ಬೇಕು. ಒಂದು ಸಿಸೇರಿಯನ್ ಆದ ಮೇಲೆ ಪ್ರಯತ್ನಿಸಿದವರಲ್ಲಿ ಸುಮಾರು 60ರಿಂದ 80 ಶೇಕಡಾ ಮಂದಿಗೆ ಸಹಜ ಹೆರಿಗೆ ಆಗುತ್ತದೆ. ಹೋದ ಸಲ ಹೆರಿಗೆ ಮುಂದುವರಿಯದೆ ನಿಂತಿದ್ದರೆ ಆ ಸಾಧ್ಯತೆ ಸ್ವಲ್ಪ ಕಡಿಮೆ.

ಡೂಲಾ ಏನು ಮಾಡಬಹುದು? ಊತ ಬರದಂತೆ ನೋಡಿಕೊಳ್ಳುತ್ತೇನೆ ಎಂದು ಯಾರಾದರೂ ಮಾತು ಕೊಟ್ಟರೆ ಅವರನ್ನು ಗೊತ್ತು ಮಾಡಿಕೊಳ್ಳಬೇಡಿ. ನಮ್ಮ ಕೆಲಸ ಉಂಗುರ ಸಿಕ್ಕ ಕೈಯನ್ನು ಮೇಲೆತ್ತಿ ಹಿಡಿಯುವುದು, ಅಷ್ಟೇ. ಭಾರ ತೆಗೆದರೆ ಎಷ್ಟೋ ಸಲ ಊತ ತಾನೇ ಇಳಿಯುತ್ತದೆ.

ಒಂದು ರಾತ್ರಿಯ ಕಥೆ ಹೇಳುತ್ತೇನೆ. ಪರೀಕ್ಷೆ ಮಾಡಿದ ಶುಶ್ರೂಷಕಿ ಕೈಗವಸು ಕಳಚುತ್ತಾ, ‘ಮುಂದಿನ ತುಟಿ ದಪ್ಪಗಿದೆ, ಒಂದು ಗಂಟೆ ನೋಡೋಣ’ ಎಂದರು. ತುಟಿ ಎಂದರೆ ಗರ್ಭಕಂಠದ ಆ ಅಂಚೇ. ಮಗುವಿನ ಎದೆಬಡಿತ ಚೆನ್ನಾಗಿತ್ತು. ಮಂಡಿ ಎದೆಯ ಭಂಗಿಗೆ ಅವರಿಂದ ಒಪ್ಪಿಗೆ ಕೇಳಿಕೊಂಡೆ. ಹೆರಿಗೆಗೆ ಬಂದಾಕೆ ಹಾಸಿಗೆಯ ಮೇಲೆ ಮಂಡಿಯೂರಿ, ಎದೆ ಮತ್ತು ಕೆನ್ನೆಯನ್ನು ದಿಂಬಿಗೆ ಹಚ್ಚಿ, ಸೊಂಟ ಮೇಲೆತ್ತಿದಳು. ತೊಡೆಗಳು ಹೊಟ್ಟೆಗೆ ಒತ್ತದಂತೆ ಮಂಡಿಗಳನ್ನು ಸ್ವಲ್ಪ ಹಿಂದಕ್ಕೆ ಸರಿಸಿದೆವು. ಮೈ ಹೀಗೆ ತಲೆಕೆಳಗಾದಾಗ ಮಗುವಿನ ತಲೆ ಸೊಂಟದ ಮುಂದಿನ ಎಲುಬಿನಿಂದ ಒಂದಿಷ್ಟು ಹಿಂದೆ ಸರಿಯುತ್ತದೆ, ಅಂಚಿನ ಮೇಲಿನ ಭಾರ ತಗ್ಗುತ್ತದೆ, ಮಗುವಿಗೆ ತಿರುಗಲು ಜಾಗವೂ ಸಿಗುತ್ತದೆ. ಆದರೆ ಇದು ಹಿತವಾದ ಭಂಗಿಯಲ್ಲ. ಮೂರನೇ ಬೇನೆಗೇ ತೋಳು ನಡುಗಲು ಶುರುವಾಯಿತು. ಬೆಡ್‌ಶೀಟನ್ನು ಉದ್ದಕ್ಕೆ ಮಡಚಿ ಅವಳ ತೊಡೆಗಳ ಮುಂಭಾಗಕ್ಕೆ ಸುತ್ತಿ, ಹಿಂದೆ ನಿಂತ ಗಂಡನ ಕೈಗೆ ಎರಡೂ ತುದಿ ಕೊಟ್ಟೆ. ಅವನು ಹಿಂದಕ್ಕೆ ವಾಲಿ ಎಳೆದು ಹಿಡಿದಾಗ ಅವಳ ಭಾರದ ಅರ್ಧ ಅವನ ಕೈಗೆ ಬಂತು.

ಒತ್ತಡ ಬಂದಾಗ ನಾನು ಅವಳ ಮುಖದ ಪಕ್ಕ ಮುಖವಿಟ್ಟು ಮಲಗಿದೆ. ‘ಮುಕ್ಕಬೇಡ’ ಎನ್ನಲಿಲ್ಲ. ‘ನನ್ನ ಜೊತೆ ಊದು’ ಎಂದೆ. ಮೇಣದಬತ್ತಿ ಆರಿಸುವ ಹಾಗೆ ಪೂ, ಪೂ, ಪೂ. ಉಸಿರು ಕಟ್ಟದೆ ಜೋರಾಗಿ ಮುಕ್ಕಲು ಬರುವುದಿಲ್ಲ, ಇದರ ಗುಟ್ಟು ಅಷ್ಟೇ. ಬೇನೆಯ ತುದಿಯಲ್ಲಿ ಗಂಟಲಿನಿಂದ ‘ಹ್ಞೂಂ’ ಎಂಬ ಸದ್ದು ಬಂದೇ ಬಂತು. ಬಂದರೆ ಬರಲಿ, ಮೈ ಅಷ್ಟು ಮುಕ್ಕಿದರೆ ಬೈಯಬಾರದು. ಮುಂದಿನ ಉಸಿರಿಗೆ ಮತ್ತೆ ಊದಿದೆವು. ಸುಮಾರು ಮುಕ್ಕಾಲು ಗಂಟೆ ಹೀಗೆ ಕಳೆಯಿತು, ನಡುವೆ ಎರಡು ಸಲ ಎಡ ಮಗ್ಗುಲಿಗೆ ಮಲಗಿ ವಿಶ್ರಾಂತಿ. ಮುಂದಿನ ಪರೀಕ್ಷೆಯಲ್ಲಿ ತುಟಿ ತೆಳುವಾಗಿತ್ತು. ಎಲ್ಲರಿಗೂ ಹೀಗೇ ಆಗುವುದಿಲ್ಲ. ಇಷ್ಟೇ ಪ್ರಯತ್ನಪಟ್ಟ ಇನ್ನೊಬ್ಬಾಕೆಗೆ ಸಿಸೇರಿಯನ್ ಆಯಿತು, ಅಲ್ಲೂ ನಾನೇ ಇದ್ದೆ.

ಪ್ರಶ್ನೆ: ಅಕ್ಕನ ಹೆರಿಗೆಗೆ ಡೂಲಾ ಇದ್ದರು. ಆದರೂ ಊತ ಬಂತು. ಅವರು ಏನಾದರೂ ಮರೆತಿರಬಹುದೇ?

ಉತ್ತರ: ಡೂಲಾ ಇದ್ದ ಮಾತ್ರಕ್ಕೆ ಊತ ಬರಬಾರದೆಂದಿಲ್ಲ. ನಿಮ್ಮ ಅಕ್ಕನ ಕೋಣೆಯಲ್ಲಿ ನಾನಿರಲಿಲ್ಲ, ಹಾಗಾಗಿ ನಾನು ಮರೆತದ್ದನ್ನೇ ಹೇಳುತ್ತೇನೆ. ಕೆಲಸ ಶುರುಮಾಡಿದ ಎರಡನೇ ವರ್ಷ. 9 ಸೆಂಟಿಮೀಟರಿನಲ್ಲಿ ನಿಂತ ಹೆರಿಗೆ. ನನಗೆ ಗೊತ್ತಿದ್ದ ಭಂಗಿಗಳನ್ನೆಲ್ಲ ಒಂದೂವರೆ ಗಂಟೆ ಮಾಡಿಸಿದೆ, ಬಹಳ ಉತ್ಸಾಹದಿಂದ. ಪಾಳಿ ಬದಲಾಗಿ ಬಂದ ಶುಶ್ರೂಷಕಿ ಕೇಳಿದ್ದು ಒಂದೇ ಮಾತು: ‘ಕೊನೆಯ ಸಲ ಮೂತ್ರಕ್ಕೆ ಹೋಗಿದ್ದು ಯಾವಾಗ?’ ನಾನು ಗಡಿಯಾರ ನೋಡಿದೆ. ಆಕೆ ಹೋಗಿ ಐದು ಗಂಟೆ ಕಳೆದಿತ್ತು. ಅವರು ಮೂತ್ರ ತೆಗೆಯುವ ಕೊಳವೆ (ಕ್ಯಾತಿಟರ್) ಹಾಕಿದಾಗ ಅಳತೆಯ ಜಗ್ಗು ಮುಕ್ಕಾಲು ತುಂಬಿತು. ತುಂಬಿದ ಮೂತ್ರಕೋಶ ತಲೆಯ ದಾರಿಗೆ ಅಡ್ಡ ಕೂತಿರುತ್ತದೆ, ಮೇಲಾಗಿ ಬೇನೆಯ ನಡುವೆ ಮೂತ್ರ ಬಂದದ್ದು ಆಕೆಗೇ ತಿಳಿಯುವುದಿಲ್ಲ. ಆವತ್ತಿನಿಂದ ನನ್ನ ಮೊಣಕೈಯ ಒಳಭಾಗದಲ್ಲಿ ಪೆನ್ನಿನಿಂದ ಸಮಯ ಬರೆದುಕೊಳ್ಳುತ್ತೇನೆ. ಗಂಟೆ, ಎರಡು ಗಂಟೆಗೊಮ್ಮೆ ಟಾಯ್ಲೆಟ್.

ಪ್ರಶ್ನೆ: ಎಪಿಡ್ಯೂರಲ್ (ನೋವು ತಡೆಯಲು ಬೆನ್ನಿಗೆ ಕೊಡುವ ಮದ್ದು) ತೆಗೆದುಕೊಂಡರೆ ಎದ್ದು ಓಡಾಡುವಂತಿಲ್ಲ. ಆಮೇಲೆ ಡೂಲಾಗೆ ಕೆಲಸವೇನು?

ಉತ್ತರ: ನಮ್ಮಲ್ಲೇ ಕೆಲವರು ಎಪಿಡ್ಯೂರಲ್ ಎಂದರೆ ಮುಖ ಸಿಂಡರಿಸುತ್ತಾರೆ, ನನಗೆ ಅದು ಹಿಡಿಸುವುದಿಲ್ಲ. ತಡೆಯಲಾಗದ ಮುಕ್ಕುವ ಒತ್ತಡಕ್ಕೆ, ಗಂಟೆಗಟ್ಟಲೆ ನಿದ್ದೆಗೆಟ್ಟ ಹೆಂಗಸಿಗೆ ಕೆಲವೊಮ್ಮೆ ಅದೇ ಉಪಾಯ. ಒತ್ತಡ ಮಂದವಾದರೆ ಅಂಚಿಗೂ ಬಿಡುವು ಸಿಗುತ್ತದೆ. ಆದರೆ ಬೆನ್ನ ಮೇಲೆ ಅಂಗಾತ ಮಲಗಿ ನಿದ್ದೆ ಹೋದರೆ ಪ್ರಯೋಜನ ಕಡಿಮೆ. ಅರ್ಧ ಗಂಟೆಗೊಮ್ಮೆ ಮಗ್ಗುಲು ಬದಲಿಸುವುದು, ಎರಡು ಕಾಲುಗಳ ನಡುವೆ ಕಡಲೆಕಾಯಿ ಆಕಾರದ ಚೆಂಡು ಅಥವಾ ಗಟ್ಟಿ ದಿಂಬು ಇಡುವುದು, ಮೇಲಿನ ಮಂಡಿಯನ್ನು ಎದೆಯತ್ತ ಮಡಚಿ ಹೊಟ್ಟೆಯನ್ನು ಅರ್ಧ ಹಾಸಿಗೆಗೆ ವಾಲಿಸುವುದು. ಜೋಮು ಹಿಡಿದ ಕಾಲು ಬಹಳ ಭಾರ, ಒಬ್ಬರಿಂದ ಆಗುವುದಿಲ್ಲ. ಶುಶ್ರೂಷಕಿಯರನ್ನೂ ಕರೆದುಕೊಂಡು ಮಾಡುತ್ತೇನೆ. ಮಗುವಿನ ಎದೆಬಡಿತ ನೋಡಲು ಹೊಟ್ಟೆಗೆ ಕಟ್ಟಿದ ಪಟ್ಟಿ ಜಾರಿದ್ದರೆ ಅವರೇ ಸರಿಮಾಡುತ್ತಾರೆ.

ಪ್ರಶ್ನೆ: ಡೂಲಾ ಒಂದು ಹೇಳಿ, ಡಾಕ್ಟರು ಇನ್ನೊಂದು ಹೇಳಿದರೆ ನಾವು ಯಾರ ಮಾತು ಕೇಳುವುದು?

ಉತ್ತರ: ಚಿಕಿತ್ಸೆಯ ವಿಷಯದಲ್ಲಿ ಡಾಕ್ಟರದು. ಡೂಲಾ ನಿಮ್ಮ ಪರವಾಗಿ ಜಗಳ ಆಡಲು ಬಂದವಳಲ್ಲ, ನೀವು ಪ್ರಶ್ನೆ ಕೇಳುವಂತೆ ಧೈರ್ಯ ತುಂಬಬೇಕಾದವಳು. ‘ಮಗು ಹೇಗಿದೆ? ಇನ್ನೊಂದು ಗಂಟೆ ಕಾಯಬಹುದೇ? ಕಾಯುವಾಗ ಭಂಗಿ ಬದಲಿಸಬಹುದೇ?’ ಈ ಮೂರು ಕೇಳಿದರೆ ಬಹುಪಾಲು ಜಟಾಪಟಿ ಅಲ್ಲೇ ಮುಗಿಯುತ್ತದೆ. ಪದೇಪದೇ ಒಳಪರೀಕ್ಷೆ ನಡೆಯುತ್ತಿದ್ದರೆ ಯಾಕೆಂದು ವಿನಯದಿಂದಲೇ ಕೇಳಬಹುದು. ಕಡಿಮೆ ಅಪಾಯದ ಹೆರಿಗೆಗೆ ವಿಶ್ವ ಆರೋಗ್ಯ ಸಂಸ್ಥೆಯ 2018ರ ಮಾರ್ಗಸೂಚಿ ಹೇಳುವುದು ನಾಲ್ಕು ಗಂಟೆಗೊಮ್ಮೆ. ಹೆರಿಗೆಯ ಉದ್ದಕ್ಕೂ ತನಗೆ ಬೇಕಾದವರನ್ನು ಜೊತೆಗಿಟ್ಟುಕೊಳ್ಳಬೇಕೆಂಬುದೂ ಅದರಲ್ಲಿದೆ. ಒಬ್ಬರು ಬಿಡದೆ ಜೊತೆಗಿದ್ದರೆ ಸಹಜ ಹೆರಿಗೆ ಸ್ವಲ್ಪ ಹೆಚ್ಚು, ಸಿಸೇರಿಯನ್ ಸ್ವಲ್ಪ ಕಡಿಮೆ ಎಂದು 2017ರ ಕಾಕ್ರೇನ್ ವಿಮರ್ಶೆ (ಹಲವು ವೈದ್ಯಕೀಯ ಅಧ್ಯಯನಗಳನ್ನು ಒಟ್ಟಿಗೆ ತೂಗಿ ನೋಡುವ ವರದಿ) 26 ಅಧ್ಯಯನಗಳ, 15,000ಕ್ಕೂ ಹೆಚ್ಚು ಹೆಂಗಸರ ಲೆಕ್ಕ ನೋಡಿ ಹೇಳಿತು. ಅದು ಊತದ ಅಧ್ಯಯನವಲ್ಲ, ಇದನ್ನು ಡೂಲಾಗಳು ಹೇಳದೆ ಬಿಡುತ್ತಾರೆ.

ಊತದ ಜೊತೆಗೆ ಮಗುವಿನ ಎದೆಬಡಿತ ಕುಸಿಯುವುದು, ಅಮ್ಮನಿಗೆ ಜ್ವರ, ರಕ್ತಸ್ರಾವ, ಬೇನೆ ಜೋರಾಗಿದ್ದರೂ ತಲೆ ಕೆಳಗಿಳಿಯದೇ ಇರುವುದು, ಇವುಗಳಲ್ಲಿ ಯಾವುದಾದರೂ ಇದ್ದರೆ ನನ್ನ ಭಂಗಿಗಳೆಲ್ಲ ಬದಿಗೆ. ಆಗ ನಾನು ಮಾಡುವುದು ಕೈ ಹಿಡಿದುಕೊಂಡು ಆಪರೇಷನ್ ಕೋಣೆಯ ಬಾಗಿಲವರೆಗೆ ಜೊತೆಗೆ ಹೋಗುವುದು, ಒಳಗೆ ಬಿಟ್ಟರೆ ಒಳಗೂ.

ಪ್ರಶ್ನೆ: ಊದಿದ ಅಂಚನ್ನು ಬೆರಳಿನಿಂದ ಹಿಂದಕ್ಕೆ ತಳ್ಳಬಹುದಂತೆ. ನಮ್ಮ ಡೂಲಾ ಹಾಗೆ ಮಾಡಬಹುದೇ?

ಉತ್ತರ: ಬೇಡವೇ ಬೇಡ. ಬೇನೆಯ ನಡುವೆ ಅಂಚನ್ನು ಮೆಲ್ಲಗೆ ಸರಿಸುವುದುಂಟು, ಆದರೆ ಅದು ವೈದ್ಯರ ಅಥವಾ ತರಬೇತಾದ ಮಿಡ್‌ವೈಫ್‌ಗಳ ಕೆಲಸ. ತುಂಬಾ ನೋಯುತ್ತದೆ, ಅಂಚು ಹರಿದು ರಕ್ತ ಬರಬಹುದು, ನಿಮ್ಮ ಒಪ್ಪಿಗೆ ಕೇಳಿಯೇ ಮಾಡಬೇಕು. ಡೂಲಾ ಒಳಪರೀಕ್ಷೆ ಮಾಡುವುದಿಲ್ಲ, ಔಷಧಿ ಕೊಡುವುದಿಲ್ಲ. ಕೈಗವಸು ತೊಡಲು ಹೊರಟವಳು ಡೂಲಾ ಅಲ್ಲ, ತಕ್ಷಣ ಶುಶ್ರೂಷಕಿಯನ್ನು ಕರೆಯಿರಿ.